ಓದುಗರ ಪ್ರಶ್ನೆ: ತೋಟದ ಮೊಬೈಲ್ ಸ್ಟಾರ್ಟರ್ ‘ಐಒಟಿ’ ಆಗುತ್ತದೆಯೇ?

ಪ್ರಶ್ನೆ: ನಮ್ಮ ಅಡಿಕೆ ತೋಟದ ಕೊಳವೆಬಾವಿಗೆ ಸಿಮ್ ಹಾಕುವ ಮೊಬೈಲ್ ಸ್ಟಾರ್ಟರ್ ಕೂರಿಸಿ ಎರಡು ವರ್ಷವಾಯಿತು. ರಾತ್ರಿ ತ್ರೀ ಫೇಸ್ ಕರೆಂಟು ಬಂದೊಡನೆ ಅದೇ ಫೋನ್ ಮಾಡಿ ತಿಳಿಸುತ್ತದೆ. ಈಗ ಅಂಗಡಿಯವರೊಬ್ಬರು, ‘ಅದು ಹಳೆಯದು, ಐಒಟಿ ಸ್ಟಾರ್ಟರ್ ಹಾಕಿಸಿ’ ಎನ್ನುತ್ತಿದ್ದಾರೆ. ನಮ್ಮಲ್ಲಿರುವುದು ಐಒಟಿ ಅಲ್ಲವೇ? ಸ್ಮಾರ್ಟ್ ಉತ್ಪನ್ನಕ್ಕೂ ಐಒಟಿಗೂ ಇರುವ ಸಂಬಂಧವೇನು?
– ಓದುಗರು, ಹೊಳಲ್ಕೆರೆ ತಾಲ್ಲೂಕು

ಉತ್ತರ: ಐಒಟಿ ಎಂದರೆ ‘ಇಂಟರ್‌ನೆಟ್ ಆಫ್ ಥಿಂಗ್ಸ್’, ವಸ್ತುಗಳು ಅಂತರ್ಜಾಲದ ಮೂಲಕ ಸುದ್ದಿ ಹಂಚಿಕೊಳ್ಳುವ ಏರ್ಪಾಡು. ನಿಮ್ಮ ಸ್ಟಾರ್ಟರ್ ಸ್ಮಾರ್ಟ್ ಉತ್ಪನ್ನವೇ ಸರಿ. ಅದಕ್ಕೆ ಸಂಪರ್ಕವೂ ಇದೆ, ಆದರೆ ಆ ಸಂಪರ್ಕ ಕರೆ ಮತ್ತು ಎಸ್ಸೆಮ್ಮೆಸ್ಸಿನದೇ ಹೊರತು ಅಂತರ್ಜಾಲದ್ದಲ್ಲ. ಅಂಗಡಿಯವರ ಮಾತು ಅಷ್ಟರ ಮಟ್ಟಿಗೆ ನಿಜ. ‘ಹಳೆಯದು’ ಎಂಬುದನ್ನು ವ್ಯಾಪಾರದ ಮಾತೆಂದು ಬಿಡಬಹುದು.

ಮೇನ್ ಇಳಿಸಿದ ಮೇಲೆ (ಇದನ್ನು ಮರೆಯಬಾರದು) ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿದರೆ, ಮೋಟರಿಗೆ ಹೋಗುವ ತಂತಿಗೆ ಬಳೆಯಂತೆ ತೊಡಿಸಿದ ಪುಟ್ಟ ಸಾಧನವೊಂದು ಕಾಣಬಹುದು. ಮೋಟರು ಎಷ್ಟು ಆಂಪಿಯರ್ ಎಳೆಯುತ್ತಿದೆ ಎಂಬುದನ್ನು ಅದು ಅಳೆಯುತ್ತದೆ. ಬೋರಿನಲ್ಲಿ ನೀರು ಇಳಿದು ಪಂಪು ಬರಿದೇ ತಿರುಗತೊಡಗಿದರೆ ಅದರ ಮೇಲಿನ ಹೊರೆ ಕಡಿಮೆಯಾಗಿ, ಹದಿನಾಲ್ಕು ಆಂಪಿಯರ್ ಎಳೆಯುತ್ತಿದ್ದ ಮೋಟರು, ಉದಾಹರಣೆಗೆ, ಒಂಬತ್ತಕ್ಕೆ ಇಳಿಯುತ್ತದೆ. ಆ ಇಳಿತವನ್ನು ಕಂಡ ಪೆಟ್ಟಿಗೆ, ಕಾಯಿಲ್ ಸುಡುವ ಮೊದಲೇ, ನಿಮ್ಮನ್ನು ಕೇಳದೆ ಮೋಟರನ್ನು ನಿಲ್ಲಿಸುತ್ತದೆ. ಜಾಣತನ ಇರುವುದು ಇಲ್ಲಿ. ಸಿಮ್ ಇರುವುದು ಆ ಸುದ್ದಿಯನ್ನು ನಿಮಗೆ ಮುಟ್ಟಿಸಲು ಮತ್ತು ನಿಮ್ಮ ಆಜ್ಞೆಯನ್ನು ತರಲು.

2014ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯ ಲೇಖನವೊಂದರಲ್ಲಿ ವ್ಯವಹಾರ ತಜ್ಞ ಮೈಕೆಲ್ ಪೋರ್ಟರ್ ಮತ್ತು ತಂತ್ರಾಂಶ ಕಂಪನಿಯೊಂದರ ಮುಖ್ಯಸ್ಥರಾಗಿದ್ದ ಜೇಮ್ಸ್ ಹೆಪ್ಪೆಲ್‌ಮನ್ ಇಂತಹ ಉತ್ಪನ್ನಗಳನ್ನು ಹೀಗೆಯೇ ಬಿಡಿಸಿ ತೋರಿಸಿದರು: ಮೋಟರಿನಂತಹ ಭೌತಿಕ ಭಾಗ, ಸೆನ್ಸರು ಮತ್ತು ತಂತ್ರಾಂಶದ ಜಾಣ ಭಾಗ, ಸಂಪರ್ಕದ ಭಾಗ. ಅಂತರ್ಜಾಲವು ಸುದ್ದಿ ಸಾಗಿಸುವ ದಾರಿ ಮಾತ್ರ, ನಿಜವಾಗಿ ಬದಲಾಗಿರುವುದು ವಸ್ತುವಿನ ಸ್ವಭಾವ, ಆದ್ದರಿಂದ ಐಒಟಿ ಎಂಬ ಹೆಸರಿನಿಂದ ವಿಷಯ ಅಷ್ಟಾಗಿ ತಿಳಿಯಾಗುವುದಿಲ್ಲ ಎಂಬುದು ಅವರ ವಾದ. ನನಗೂ ಅದು ಒಪ್ಪಿಗೆಯೇ.

ಆದರೆ ಆ ಹೆಸರು ಹುಟ್ಟಿದ್ದೇ ಬೇರೆ ಉದ್ದೇಶಕ್ಕೆ. 1999ರಲ್ಲಿ ಬ್ರಿಟಿಷ್ ತಂತ್ರಜ್ಞ ಕೆವಿನ್ ಆ್ಯಶ್ಟನ್ ‘ಇಂಟರ್‌ನೆಟ್ ಆಫ್ ಥಿಂಗ್ಸ್’ ಎಂಬ ಮಾತನ್ನು ಬಳಸಿದಾಗ ಅವರ ಕಣ್ಣ ಮುಂದಿದ್ದದ್ದು ಒಂದು ಜಾಣ ಯಂತ್ರವಲ್ಲ. ರೇಡಿಯೊ ಅಲೆಯಲ್ಲಿ ತನ್ನ ಗುರುತು ಹೇಳುವ ಚೀಟಿ ಅಂಟಿಸಿದ ಸಾವಿರಾರು ಸರಕುಗಳು ಎಲ್ಲೆಲ್ಲಿವೆ ಎಂಬುದನ್ನು, ಯಾರೂ ಕೂತು ಬರೆಯದೆ, ಕಂಪ್ಯೂಟರ್ ತಾನೇ ಅರಿಯಬೇಕು ಎಂಬ ಆಲೋಚನೆ. ಎಂದರೆ ಉತ್ಪನ್ನವನ್ನು ಅಂಗಡಿಯಲ್ಲಿ ಕೊಳ್ಳಬಹುದು, ಐಒಟಿಯನ್ನು ಕೊಳ್ಳಲಾಗದು. ಅದು ಹಲವು ವಸ್ತುಗಳ ನಡುವಿನ ಏರ್ಪಾಡು. ಚಿತ್ರದುರ್ಗದ ಜೋಗಿಮಟ್ಟಿಯ ಗಾಳಿಯಂತ್ರಗಳನ್ನೇ ನೋಡಿ. ಗಾಳಿ ದಿಕ್ಕು ಬದಲಿಸಿದಾಗ ತಲೆ ತಿರುಗಿಸಿಕೊಳ್ಳಲು ಒಂದೊಂದಕ್ಕೂ ತನ್ನದೇ ಬುದ್ಧಿ ಸಾಕು. ಮುಂದಿನ ಯಂತ್ರ ಕದಡಿದ ಗಾಳಿ ಹಿಂದಿನದಕ್ಕೆ ಎಷ್ಟು ನಷ್ಟ ಮಾಡುತ್ತಿದೆ ಎಂದು ತಿಳಿಯಬೇಕಾದರೆ ಮಾತ್ರ ಎಲ್ಲವುಗಳ ಲೆಕ್ಕ ಒಂದೆಡೆ ಸೇರಬೇಕು.

ನಿಮ್ಮ ತೋಟದಲ್ಲಿಯೂ ಮಣ್ಣಿನ ತೇವ ಅಳೆಯುವ ಸೆನ್ಸರು, ಡ್ರಿಪ್ಪಿನ ವಾಲ್ವು, ಮಳೆಯ ಮುನ್ಸೂಚನೆ ಮತ್ತು ಮೋಟರು ಪರಸ್ಪರ ಸುದ್ದಿ ಹಂಚಿಕೊಂಡು, ನಾಳೆ ಮಳೆಯಿದ್ದರೆ ಇಂದು ನೀರು ಬಿಡದಂತಾದಾಗ ಐಒಟಿ ಎನ್ನುವ ಮಾತಿಗೆ ಅರ್ಥ ಬರುತ್ತದೆ. ಬರೀ ಆನ್, ಆಫ್ ಮಾಡುವುದಕ್ಕಾದರೆ ಹೆಚ್ಚಿನ ಹಣ ತೆರಬೇಕಾಗಿಲ್ಲ; ಡೇಟಾ ಸರಿಯಾಗಿ ಸಿಗದ ತೋಟದಲ್ಲಿಯೂ ಕರೆ, ಎಸ್ಸೆಮ್ಮೆಸ್ ಹಾಯುವುದುಂಟು. ಆದರೂ ಕೊಳ್ಳುವುದಾದರೆ, ಕಂಪನಿಯ ಸರ್ವರ್ ನಿಂತ ದಿನ ಪೆಟ್ಟಿಗೆಯ ಮೇಲಿನ ಹಸಿರು ಗುಂಡಿ ಒತ್ತಿದರೆ ಮೋಟರು ಹೊರಡುತ್ತದೆಯೇ ಎಂಬುದನ್ನು ಅಂಗಡಿಯವರಿಂದ ಮಾಡಿಸಿಯೇ ನೋಡಿ.

ಪ್ರಶ್ನೆ: ಅಂಗಡಿಯ ಸಿಸಿ ಕ್ಯಾಮೆರಾವನ್ನು ಮನೆಯಿಂದಲೇ ಮೊಬೈಲಿನಲ್ಲಿ ನೋಡುತ್ತೇನೆ. ಕೂರಿಸಿದವರು ಕೊಟ್ಟ ಪಾಸ್‌ವರ್ಡೇ ಇದೆ. ಕದ್ದು ನೋಡುವಂಥದ್ದೇನೂ ಅಂಗಡಿಯಲ್ಲಿಲ್ಲ. ಬದಲಿಸಲೇಬೇಕೇ?
– ಓದುಗರು, ಮಂಡಿಪೇಟೆ, ದಾವಣಗೆರೆ

ಉತ್ತರ: ಬದಲಿಸಬೇಕು. ಕ್ಯಾಮೆರಾ ನಿಮ್ಮದಾದರೂ ಅದು ಸೇರಿರುವ ಜಾಲ ಎಲ್ಲರದು. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶವು ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಕ್ಯಾಮೆರಾಗಳನ್ನು, ಅವುಗಳ ಚಿತ್ರ ದಾಖಲಿಸುವ ಡಿವಿಆರ್ ಪೆಟ್ಟಿಗೆಗಳನ್ನು ಹುಡುಕಿ ಹೊಕ್ಕಿತು; ಆ ವರ್ಷದ ಅಕ್ಟೋಬರ್‌ನಲ್ಲಿ ಅವೆಲ್ಲ ಒಟ್ಟಾಗಿ ಜಾಲತಾಣಗಳ ಹೆಸರಿಗೆ ಅಂತರ್ಜಾಲದ ವಿಳಾಸ ಹುಡುಕಿಕೊಡುವ ಡೈನ್ ಎಂಬ ಸಂಸ್ಥೆಯ ಮೇಲೆ ಮುಗಿಬಿದ್ದಾಗ ಅಮೆರಿಕದಲ್ಲಿ ಅನೇಕರಿಗೆ ಟ್ವಿಟರ್, ನೆಟ್‌ಫ್ಲಿಕ್ಸ್ ಕೆಲವು ಗಂಟೆ ಸಿಗಲಿಲ್ಲ. ಆಗಲೂ ಕ್ಯಾಮೆರಾಗಳು ಎಂದಿನಂತೆ ಚಿತ್ರ ತೋರಿಸುತ್ತಲೇ ಇದ್ದುದರಿಂದ ಮಾಲೀಕರಿಗೆ ಸುಳಿವು ಸಿಗುವುದು ಕಷ್ಟವಾಗಿತ್ತು. ಡಿವಿಆರ್‌ಗೂ ಕ್ಯಾಮೆರಾಕ್ಕೂ ಹೊಸ ಪಾಸ್‌ವರ್ಡ್ ಕೊಟ್ಟು, ಕೂರಿಸಿದವರಿಂದ ಫರ್ಮ್‌ವೇರ್ (ಸಾಧನದೊಳಗಿನ ತಂತ್ರಾಂಶ) ಅಪ್‌ಡೇಟ್ ಮಾಡಿಸಿ. ಹೊಸ ಪಾಸ್‌ವರ್ಡನ್ನು ಡಿವಿಆರ್ ಮೇಲೆಯೇ ಸ್ಕೆಚ್ ಪೆನ್ನಿನಲ್ಲಿ ಬರೆದಿಡುವುದು ಬೇಡ.