ಅರ್ಥವಾಗಲಿಲ್ಲ ಎಂದವರು ಯಾರು, ಮೇಷ್ಟ್ರೇ?

ಹಿರಿಯೂರು ತಾಲ್ಲೂಕಿನ ಶಾಲಾ ಶಿಕ್ಷಕರೊಬ್ಬರು ಬರೆಯುತ್ತಾರೆ: ‘ಚಿತ್ರದುರ್ಗದಲ್ಲಿ ನಡೆದ ಅಂತರರಾಷ್ಟ್ರೀಯ ಮಕ್ಕಳ ಕಿರುಚಿತ್ರೋತ್ಸವಕ್ಕೆ ನಮ್ಮ ಏಳನೇ ತರಗತಿಯ ಮಕ್ಕಳನ್ನು ಕರೆದೊಯ್ದಿದ್ದೆ. ಇರಾನ್, ಕೆನಡಾ ಮೊದಲಾದ ದೇಶಗಳ ಚಿತ್ರಗಳೇ ಹೆಚ್ಚು. ಪರದೆಯ ಕೆಳಗೆ ಬರುತ್ತಿದ್ದ ಇಂಗ್ಲಿಷ್ ಸಾಲುಗಳನ್ನು ನಮ್ಮ ಮಕ್ಕಳು ಓದಲಾರರು. ವಾಪಸು ಬರುವಾಗ ಬಸ್ಸಿನಲ್ಲಿ ಕಥೆಯ ನೀತಿ ಏನೆಂದು ಕೇಳಿದರೆ ಒಬ್ಬರೂ ಬಾಯಿ ಬಿಡಲಿಲ್ಲ. ಅವರಿಗೆ ಏನೂ ಅರ್ಥವಾಗಿಲ್ಲ. ನಿಮ್ಮ ಪತ್ರಿಕೆ ಮಾತ್ರ ಉತ್ಸವವನ್ನು ಹಾಡಿ ಹೊಗಳಿದೆ. ಓಬವ್ವನ ನಾಡಿನ ಮಕ್ಕಳಿಗೆ ಹೊರದೇಶದ ಚಿತ್ರ ಯಾಕೆ ಬೇಕು?’

ಮೇಷ್ಟ್ರೇ, ಇಂಗ್ಲಿಷ್ ಸಾಲುಗಳ ಬಗ್ಗೆ ನಿಮ್ಮ ದೂರು ನ್ಯಾಯವಾದದ್ದು. ಕನ್ನಡ ಬಲ್ಲ ಒಬ್ಬರು ಮೈಕ್ ಹಿಡಿದು ಎರಡು ಮಾತು ಹೇಳಿದ್ದರೆ ಸಾಕಿತ್ತು, ಅದಕ್ಕೆ ಖರ್ಚೇನೂ ಇರಲಿಲ್ಲ. ಓಬವ್ವನ ಕಥೆಯೂ ಕಿರುಚಿತ್ರವಾಗಿ ಬರಲಿ, ಬೇಡವೆಂದವರಿಲ್ಲ. ಆದರೆ ಮಕ್ಕಳಿಗೆ ಏನೂ ಅರ್ಥವಾಗಲಿಲ್ಲ ಎಂದಿರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಆ ದಿನ ಅದೇ ಸಭಾಂಗಣದಲ್ಲಿ, ಮಕ್ಕಳ ಸಾಲುಗಳ ಪಕ್ಕದ ಗೋಡೆಗೆ ಒರಗಿ ನಾನೂ ನಿಂತಿದ್ದೆ.

ಇರಾನಿನ ಚಿತ್ರವನ್ನೇ ತೆಗೆದುಕೊಳ್ಳಿ. ಅಬ್ಬಾಸ್ ಕಿಯರೊಸ್ತಾಮಿ 1970ರಲ್ಲಿ ಮಾಡಿದ ‘ಬ್ರೆಡ್ ಅಂಡ್ ಆಲಿ’, ಅವರ ಮೊಟ್ಟಮೊದಲ ಚಿತ್ರ. ಒಬ್ಬ ಹುಡುಗ ಕಂಕುಳಲ್ಲಿ ರೊಟ್ಟಿ ಇಟ್ಟುಕೊಂಡು, ಕಾಲಲ್ಲಿ ಡಬ್ಬಿ ಒದೆಯುತ್ತ ಮನೆಗೆ ಹೊರಟಿದ್ದಾನೆ. ಗಲ್ಲಿಯಲ್ಲಿ ಒಂದು ನಾಯಿ ಬೊಗಳುತ್ತದೆ. ಹುಡುಗ ಹಿಂದೆ ಸರಿದು ನಿಲ್ಲುತ್ತಾನೆ. ಅತ್ತ ಬಂದ ಮುದುಕರೊಬ್ಬರ ಹಿಂದೆಯೇ ಅಂಟಿಕೊಂಡು ನಡೆಯುತ್ತಾನೆ, ನಾಯಿ ಇರುವಲ್ಲಿಗೆ ಬರುವ ಮೊದಲೇ ಅವರು ಬೇರೆ ದಾರಿ ಹಿಡಿಯುತ್ತಾರೆ. ಆಮೇಲೆ ಅವನು ಒಂದು ಚೂರು ರೊಟ್ಟಿ ಮುರಿದು ಎಸೆಯುತ್ತಾನೆ. ಅವನು ಮುರಿಯುವುದಕ್ಕೆ ಮೊದಲೇ ಮೂರನೇ ಸಾಲಿನ ಹುಡುಗಿಯೊಬ್ಬಳು ‘ರೊಟ್ಟಿ ಹಾಕೋ!’ ಎಂದು ಕೂಗಿದಳು. ಅವಳ ಪಕ್ಕದವನು ‘ಓಡಬೇಡ, ಓಡಿದರೆ ಬೆನ್ನು ಹತ್ತುತ್ತದೆ’ ಎಂದು ಪರದೆಯೊಳಗಿನ ಹುಡುಗನಿಗೆ ಬುದ್ಧಿ ಹೇಳುತ್ತಿದ್ದ. ಅವರು ನಿಮ್ಮ ಶಾಲೆಯವರೋ ಬೇರೆ ಶಾಲೆಯವರೋ ತಿಳಿಯದು. ಇಷ್ಟು ಅರ್ಥವಾದ ಮೇಲೆ ಇನ್ನೇನು ಅರ್ಥವಾಗಬೇಕಿತ್ತು? ಅಂಥ ನಾಯಿ ಹಿರಿಯೂರಿನ ಓಣಿಯಲ್ಲೂ ಇದೆ, ದಾವಣಗೆರೆಯ ಗಲ್ಲಿಯಲ್ಲೂ ಇದೆ.

ಚಿತ್ರದ ಕೊನೆಯನ್ನು ನೆನಪಿಸಿಕೊಳ್ಳಿ. ರೊಟ್ಟಿ ತಿಂದ ನಾಯಿ ಬಾಲ ಅಲ್ಲಾಡಿಸುತ್ತ ಮನೆಯವರೆಗೂ ಬಂದು, ಬಾಗಿಲು ಮುಚ್ಚಿದ ಮೇಲೆ ಅಲ್ಲೇ ಮಲಗುತ್ತದೆ. ಅಷ್ಟರಲ್ಲಿ ಬಟ್ಟಲು ಹಿಡಿದ ಇನ್ನೊಬ್ಬ ಹುಡುಗ ಬರುತ್ತಾನೆ, ನಾಯಿ ಅವನ ಮೇಲೆ ಗುರ್ರೆನ್ನುತ್ತದೆ. ಮುಗಿಯಿತು. ಇದಕ್ಕೆ ನೀತಿ ಹೇಳು ಎಂದರೆ ಏಳನೇ ತರಗತಿಯ ಮಗು ಏನು ಹೇಳಬೇಕು? ನಿರ್ದೇಶಕರೇ ಹೇಳಿಲ್ಲ. ಈ ನೀತಿಯ ಹಟವೊಂದು ನಮ್ಮ ಮೇಷ್ಟ್ರುಗಳಿಗೆ ಎಲ್ಲಿಂದ ಅಂಟಿಕೊಂಡಿತೋ! ಪದ್ಯ ಓದಿದರೆ ಸಾರಾಂಶ, ನಾಟಕ ನೋಡಿದರೆ ಸಂದೇಶ, ಪ್ರವಾಸ ಹೋಗಿ ಬಂದರೆ ಪ್ರಬಂಧ. ಕಣ್ಣರಳಿಸಿ ನೋಡಿದ ಮಗುವನ್ನು ಅರ್ಧ ಗಂಟೆಯೊಳಗೆ ಪರೀಕ್ಷೆಗೆ ಕೂರಿಸಿದರೆ ಅದು ಬಾಯಿ ಮುಚ್ಚಿಕೊಳ್ಳದೆ ಇನ್ನೇನು ಮಾಡೀತು? ನೀವು ಒಳ್ಳೆಯ ಶಿಕ್ಷಕರು. ಇಲ್ಲದಿದ್ದರೆ ಅಷ್ಟು ದೂರದಿಂದ ಮಕ್ಕಳನ್ನು ಕಟ್ಟಿಕೊಂಡು ಬರುತ್ತಿರಲಿಲ್ಲ. ಅದಕ್ಕೇ ಇಷ್ಟು ಸಲಿಗೆಯಿಂದ ಬೈಯುತ್ತಿದ್ದೇನೆ.

ಇನ್ನು ‘ಹೊರದೇಶ’. ಅಂದು ತೋರಿಸಿದ ಕೆನಡಾದ ಚಿತ್ರ ‘ಎ ಚೇರಿ ಟೇಲ್’. 1957ರದ್ದು, ನಾರ್ಮನ್ ಮೆಕ್‌ಲಾರೆನ್ ಮತ್ತು ಕ್ಲಾಡ್ ಜುತ್ರಾ ಮಾಡಿದ್ದು. ಪುಸ್ತಕ ಹಿಡಿದು ಕೂರಲು ಬಂದವನನ್ನು ಕುರ್ಚಿ ಕೂರಗೊಡುವುದಿಲ್ಲ. ಜಗ್ಗುತ್ತದೆ, ಓಡುತ್ತದೆ, ಮುನಿಸಿಕೊಂಡು ದೂರ ನಿಲ್ಲುತ್ತದೆ. ಕೊನೆಗೆ ಅವನೇ ಬಾಗಿ ಕುರ್ಚಿಯನ್ನು ತನ್ನ ಮೇಲೆ ಕೂರಿಸಿಕೊಂಡಾಗ ಅದು ಒಲಿಯುತ್ತದೆ. ಚಿತ್ರದಲ್ಲಿ ಒಂದು ಮಾತೂ ಇಲ್ಲ. ಇರುವುದು ಸಿತಾರ್ ಮತ್ತು ತಬಲಾ, ನುಡಿಸಿದವರು ಪಂಡಿತ್ ರವಿಶಂಕರ್ ಮತ್ತು ಚತುರ್ ಲಾಲ್. ಇದು ಯಾವ ದೇಶದ ಚಿತ್ರ, ಹೇಳಿ? ಸತ್ಯಜಿತ್ ರಾಯ್ 1964ರಲ್ಲಿ ಅಮೆರಿಕದ ಟೆಲಿವಿಷನ್ ಸರಣಿಗಾಗಿ ‘ಟೂ’ ಮಾಡಿದಾಗ ಅವರೂ ಮಾತನ್ನು ಬಿಟ್ಟೇ ಮಾಡಿದರು. ಕಿಟಕಿಯ ಒಳಗೆ ಆಟಿಕೆಗಳ ರಾಶಿಯ ನಡುವೆ ಸಿರಿವಂತರ ಹುಡುಗ, ಹೊರಗೆ ಕೊಳಲು ಹಿಡಿದ ಬಡ ಹುಡುಗ. ಬಂಗಾಳಿ ಬಾರದ ನಮಗೂ ಅದು ಪೂರ್ತಿ ದಕ್ಕುತ್ತದೆ.

ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು 1970ರ ದಶಕದಲ್ಲೇ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಅಡಿಕೆ ತೋಟದ ಜನರ ಮುಂದಿಟ್ಟರು. ಹಳ್ಳಿಯವರಿಗೆ ಇದೆಲ್ಲ ಯಾಕೆ ಎಂಬ ಮಾತನ್ನು ಅವರು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ನಮ್ಮದೇ ಜಿಲ್ಲೆಯ ಸಾಣೇಹಳ್ಳಿಯನ್ನು ನೋಡಿ. ಹೊಸದುರ್ಗ ತಾಲ್ಲೂಕಿನ ಆ ಸಣ್ಣ ಊರಿನ ಬಯಲು ರಂಗಮಂದಿರಕ್ಕೆ ಸುತ್ತಲಿನ ಹಳ್ಳಿಗಳವರು ನಾಟಕ ನೋಡಲು ಬರುತ್ತಾರೆ. ಅಲ್ಲಿಂದ ಹೊರಟ ಶಿವಸಂಚಾರದ ತಂಡ ಊರೂರು ತಿರುಗುತ್ತದೆ. ನಾಟಕಕ್ಕೆ ಸಾಧ್ಯವಾದದ್ದು ಹತ್ತು ನಿಮಿಷದ ಚಿತ್ರಕ್ಕೆ ಯಾಕೆ ಆಗಬಾರದು?

ಆಗದಂತೆ ನೋಡಿಕೊಂಡವರು ದೊಡ್ಡವರೇ. ಟೆಹರಾನಿನಲ್ಲಿ 1965ರಲ್ಲಿ ಮಕ್ಕಳಿಗೆಂದೇ ಒಂದು ಸಂಸ್ಥೆ ಹುಟ್ಟಿತು. ಮೊದಲು ಗ್ರಂಥಾಲಯ, ಬಳಿಕ ಚಲನಚಿತ್ರ ವಿಭಾಗ. ಕಿಯರೊಸ್ತಾಮಿ ಕಣ್ಣು ತೆರೆದದ್ದು ಅಲ್ಲಿ, ಮುಂದೆ 1997ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಪಡೆದದ್ದು ಅದೇ ಮನುಷ್ಯ. ನಮ್ಮಲ್ಲಿ ಅದಕ್ಕೂ ಹತ್ತು ವರ್ಷ ಮೊದಲೇ, 1955ರಲ್ಲಿ, ನೆಹರೂ ಕಾಲದಲ್ಲಿ ಚಿಲ್ಡ್ರನ್ಸ್ ಫಿಲ್ಮ್ ಸೊಸೈಟಿ ಸ್ಥಾಪನೆಯಾಗಿತ್ತು. 1979ರಲ್ಲಿ ಅಂತರರಾಷ್ಟ್ರೀಯ ಮಕ್ಕಳ ಚಿತ್ರೋತ್ಸವವನ್ನೂ ಆರಂಭಿಸಿತು, ಅದು ಬಂದು ನೆಲೆಸಿದ್ದು ಹೈದರಾಬಾದಿನಲ್ಲಿ. 2022ರಲ್ಲಿ ಆ ಸಂಸ್ಥೆಯನ್ನು ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದೊಳಗೆ ವಿಲೀನಗೊಳಿಸಿದರು. ಮಕ್ಕಳ ಸಿನಿಮಾಕ್ಕೆಂದೇ ಇದ್ದ ಒಂದು ಮನೆ ಹೀಗೆ ದೊಡ್ಡ ಕಚೇರಿಯ ಒಂದು ಕೋಣೆಯಾದಾಗ ಯಾರೂ ಬೀದಿಗಿಳಿಯಲಿಲ್ಲ. ನೀವು ಕನ್ನಡದ ಚಿತ್ರ ಕೇಳುತ್ತೀರಿ. ‘ಗುಬ್ಬಚ್ಚಿಗಳು’, ‘ಪುಟಾಣಿ ಪಾರ್ಟಿ’ ಎರಡೂ ಕನ್ನಡದವೇ, ಅತ್ಯುತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರ ಪ್ರಶಸ್ತಿ ಪಡೆದವೇ. ನಿಮ್ಮ ತರಗತಿಯಲ್ಲಿ ಅವನ್ನು ನೋಡಿದ ಮಕ್ಕಳು ಎಷ್ಟಿದ್ದಾರೆ? ಜಿಲ್ಲೆಗಳ ಒಂಟಿ ಪರದೆಯ ಚಿತ್ರಮಂದಿರಗಳು ಒಂದೊಂದಾಗಿ ಬಾಗಿಲು ಹಾಕುತ್ತಿವೆ, ಮಕ್ಕಳಿಗೆ ಉಳಿದಿರುವುದು ಅಪ್ಪನ ಮೊಬೈಲ್.

ಉತ್ಸವದ ದಿನದ ಒಂದು ಸಂಗತಿ ನಿಮ್ಮ ಪತ್ರದಲ್ಲಿ ಇಲ್ಲವೇ ಇಲ್ಲ. ಪಟ್ಟಿಯಲ್ಲಿ ‘ದಿ ರೆಡ್ ಬಲೂನ್’ ಇತ್ತು. ಆಲ್ಬರ್ ಲಾಮೊರಿಸ್ 1956ರಲ್ಲಿ ಪ್ಯಾರಿಸ್ಸಿನ ಬೂದು ಬೀದಿಗಳಲ್ಲಿ ಒಂದು ಕೆಂಪು ಬಲೂನನ್ನು ಪುಟ್ಟ ಹುಡುಗನ ಹಿಂದೆ ತಿರುಗಾಡಿಸಿದ ಚಿತ್ರ. ಮಾತು ಇಲ್ಲವೆನ್ನುವಷ್ಟು ಕಡಿಮೆ, ಆದರೂ ಚಿತ್ರಕಥೆಗೆ ಆಸ್ಕರ್ ಬಂತು. ಬೇಕಾದದ್ದು 34 ನಿಮಿಷ. ಉದ್ಘಾಟನೆಯ ವೇದಿಕೆಯಲ್ಲಿದ್ದ ಗಣ್ಯರು ಒಬ್ಬರಾದ ಮೇಲೊಬ್ಬರು ‘ಎರಡೇ ಮಾತು’ ಹೇಳಿ ಮುಗಿಸುವಷ್ಟರಲ್ಲಿ ಊಟದ ಹೊತ್ತಾಯಿತು, ಆ ಚಿತ್ರವನ್ನು ಕೈಬಿಟ್ಟರು. ಹೂಮಾಲೆ, ಶಾಲು, ಫಲತಾಂಬೂಲ ಯಾವುದನ್ನೂ ಬಿಡಲಿಲ್ಲ. ಬೆಳಿಗ್ಗೆ ತಿಂಡಿ ತಿಂದಿದ್ದವೋ ಇಲ್ಲವೋ, ಮಕ್ಕಳು ಕುರ್ಚಿ ತುಂಬಿಸಲು ಬಂದವರಂತೆ ಕೈ ಕಟ್ಟಿ ಕುಳಿತಿದ್ದವು. ನಿಮ್ಮ ಸಿಟ್ಟು ಹರಿಯಬೇಕಾದದ್ದು ಆ ಕಡೆಗೆ. ಆ ಬಗ್ಗೆ ನೀವು ಬರೆದಿದ್ದರೆ ಮುಖಪುಟದಲ್ಲೇ ಹಾಕುತ್ತಿದ್ದೆ.

ಈಗ ಒಂದು ಕೆಲಸ ಹೇಳುತ್ತೇನೆ, ನಡೆಸಿಕೊಡಬೇಕು. ‘ಎ ಚೇರಿ ಟೇಲ್’ ಚಿತ್ರವನ್ನು ಕೆನಡಾದ ರಾಷ್ಟ್ರೀಯ ಚಲನಚಿತ್ರ ಮಂಡಳಿ ತನ್ನ ಜಾಲತಾಣದಲ್ಲಿ ಉಚಿತವಾಗಿಯೇ ಇಟ್ಟಿದೆ. ನಿಮ್ಮ ಶಾಲೆಯಲ್ಲೋ ಪಕ್ಕದ ಪ್ರೌಢಶಾಲೆಯಲ್ಲೋ ಸ್ಮಾರ್ಟ್ ಕ್ಲಾಸಿನ ಪ್ರೊಜೆಕ್ಟರ್ ಇರುತ್ತದೆ. ಒಂದು ಶನಿವಾರ, ಶಾಲೆ ಬಿಡುವ ಮುನ್ನ, ಕಿಟಕಿಗಳಿಗೆ ಜಮಖಾನ ಕಟ್ಟಿ ಅದನ್ನು ಇನ್ನೊಮ್ಮೆ ತೋರಿಸಿ. ಎರಡನೇ ಸಲ ಹಾಕಿ ಎಂದು ಕೇಳಿದರೆ ಹಾಕಿ. ಪ್ರಶ್ನೆ ಕೇಳಬೇಡಿ. ಸೋಮವಾರ ತಾವಾಗಿಯೇ ಏನಾದರೂ ಬರೆದು ತಂದವರ ಹಾಳೆಗಳನ್ನು ಕಾಗುಣಿತ ತಿದ್ದದೆ ನನಗೆ ಕಳುಹಿಸಿ, ಹಾಗೆಯೇ ಅಚ್ಚು ಹಾಕುತ್ತೇನೆ.

– ಸಂಪಾದಕ