ತಂಗಿಯ ಮದುವೆಯೊಳಗೆ ಹನ್ನೆರಡು ಕೆಜಿ ಇಳಿಸುವ ಗುರಿ ಸರಿಯೇ?

ಮೂರು ತಿಂಗಳು, ಹನ್ನೆರಡು ಕೆಜಿ. ಆರು ಕೆಜಿ ಸಾಕೇ, ಗುರಿ ದೊಡ್ಡದಿದ್ದರೆ ಛಲವೂ ದೊಡ್ಡದಾಗುವುದಿಲ್ಲವೇ ಎಂದು ಕೇಳಿದ್ದೀರಿ. ಆಗುತ್ತದೆ, ಮೊದಲ ಹದಿನೈದು ದಿನ. ನನ್ನದು ಅಣ್ಣನ ಮದುವೆ, ಹತ್ತು ಕೆಜಿ.

ಅನ್ನ ಬಿಟ್ಟೆ. ಮೊದಲ ವಾರವೇ ಎರಡೂವರೆ ಕೆಜಿ ಇಳಿಯಿತು, ಮನೆಯವರೆಲ್ಲ ಹೊಗಳಿದರು. ಇಳಿದದ್ದರಲ್ಲಿ ಬಹುಪಾಲು ನೀರು. ಅನ್ನದಂಥ ಪಿಷ್ಟದಿಂದ ಬಂದ ಸಕ್ಕರೆಯನ್ನು ದೇಹ ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಡುತ್ತದೆ; ಅದರ ಒಂದು ಗ್ರಾಂ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಅನ್ನ ಬಿಟ್ಟರೆ ಎರಡೂ ಹೋಗುತ್ತವೆ, ಮತ್ತೆ ಉಂಡರೆ ಎರಡೂ ಬರುತ್ತವೆ. ಇದನ್ನು ತಿಳಿಯದ ನಾನು ಎರಡೂವರೆಯನ್ನು ವಾರಗಳಿಂದ ಗುಣಿಸಿ ಕ್ಯಾಲೆಂಡರಿನ ಮೇಲೆ ಬರೆದುಬಿಟ್ಟೆ.

ಆಮೇಲೆ ಒಂದು ಗೃಹಪ್ರವೇಶ. ಬಿಸಿಬೇಳೆ ಬಾತ್, ಹಪ್ಪಳ, ಉಪ್ಪಿನಕಾಯಿ, ತುಪ್ಪ ಸುರಿದ ಎರಡು ಹೋಳಿಗೆ. ಮರುದಿನ ಬೆಳಿಗ್ಗೆ ತೂಕ ಒಂದೂಕಾಲು ಕೆಜಿ ಜಾಸ್ತಿ! ಅಷ್ಟು ಕೊಬ್ಬು ಸೇರಬೇಕಾದರೆ ಅಗತ್ಯಕ್ಕಿಂತ ಒಂಬತ್ತು ಸಾವಿರ ಕ್ಯಾಲೊರಿಗೂ ಮಿಗಿಲಾಗಿ ತಿಂದಿರಬೇಕು. ಎರಡು ಹೋಳಿಗೆಯಲ್ಲಿ ಅದೆಲ್ಲಿಂದ ಬಂತು? ಉಪ್ಪು ಮತ್ತು ಅನ್ನ ಹಿಡಿದಿಟ್ಟ ನೀರದು, ಸುಮ್ಮನಿದ್ದರೆ ನಾಲ್ಕು ದಿನಕ್ಕೆ ಇಳಿಯುತ್ತಿತ್ತು. ನಾನು ಸುಮ್ಮನಿರಲಿಲ್ಲ. "ಹೇಗೂ ಕೆಟ್ಟಿತು, ಸೋಮವಾರದಿಂದ ನೋಡೋಣ" ಎಂದು ನಿಂತಲ್ಲೇ ಕೋಡುಬಳೆ ಡಬ್ಬಿ ಖಾಲಿ ಮಾಡಿದೆ. ಆ ಸೋಮವಾರದೊಳಗೆ ನಿಜವಾದ ಕೊಬ್ಬೇ ಸೇರಿತು. ಮುಂದಿನ ವಾರಗಳೂ ಹೀಗೆಯೇ ಹೋದವು. ಪೀಟರ್ ಹರ್ಮನ್ ಮತ್ತು ಜಾನೆಟ್ ಪೊಲಿವಿ ಎಂಬ ಮನೋವಿಜ್ಞಾನಿಗಳು ಪಥ್ಯ ಹಿಡಿದವರ ಇದೇ ಚಾಳಿಯನ್ನು ದಶಕಗಳಿಂದ ಅಧ್ಯಯನ ಮಾಡಿದ್ದಾರೆ: ಪಥ್ಯ ಒಮ್ಮೆ ಮುರಿಯಿತು ಎನಿಸಿದರೆ ಸಾಕು, ಮತ್ತಷ್ಟು ತಿನ್ನುತ್ತಾರೆ.

ಅಮೆರಿಕದಲ್ಲಿ 1997ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬೊಜ್ಜಿದ್ದ 60 ಮಹಿಳೆಯರು 17 ಕೆಜಿ ಇಳಿದರೂ ನಿರಾಸೆಯೇ ಎಂದು ಮೊದಲೇ ಹೇಳಿದ್ದರು. 48 ವಾರಗಳ ಚಿಕಿತ್ಸೆಯಲ್ಲಿ ಸರಾಸರಿ 16 ಇಳಿಯಿತು. ಇರುವ ತೂಕದಲ್ಲಿ ಶೇಕಡಾ 5ರಿಂದ 10ರಷ್ಟು ಇಳಿದರೂ ರಕ್ತದೊತ್ತಡ, ಸಕ್ಕರೆ ಸುಧಾರಿಸುತ್ತವೆ. ಹದಿನಾರು ಕೆಜಿ ಇಳಿಸಿ ಸಪ್ಪೆ ಮೋರೆ ಹಾಕುವಂತೆ ಮಾಡುವ ಗುರಿ ಯಾವ ಸುಖಕ್ಕೆ?

ಆದ್ದರಿಂದ ಹನ್ನೆರಡೋ ಆರೋ ಎಂಬ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಕೆಜಿ ನಿಮ್ಮ ಮಾತು ಕೇಳುವುದಿಲ್ಲ. ರಾತ್ರಿ ಎರಡನೇ ಸಲ ಅನ್ನ ಬಡಿಸಿಕೊಳ್ಳುವುದಿಲ್ಲ, ಊಟವಾದ ಮೇಲೆ ಅರ್ಧ ಗಂಟೆ ನಡೆಯುತ್ತೇನೆ ಎಂದು ಗುರಿ ಇಟ್ಟುಕೊಳ್ಳಿ. ನೆಂಟರ ಮನೆಯ ಊಟದ ಮರುದಿನ ತೂಕ ನೋಡಲೇಬೇಡಿ. ಮದುವೆಯ ರವಿಕೆಯನ್ನು ಈಗಿನ ಅಳತೆಗೇ ಹೊಲಿಸಿ. ಸಡಿಲವಾದರೆ ಹಿಡಿದುಕೊಡುವುದು ದರ್ಜಿಗೆ ಅರ್ಧ ಗಂಟೆಯ ಕೆಲಸ.