ರಕ್ತ ಕಂಡರೆ ಕುಸಿಯುವ ನರ್ಸಿಂಗ್ ವಿದ್ಯಾರ್ಥಿನಿ

ವಯಸ್ಸು 19, ನರ್ಸಿಂಗ್ ಮೊದಲ ವರ್ಷ. ಗುರುತು ಸಿಗದಂತೆ ವಿವರ ಬದಲಿಸಿದೆ. ವಾರ್ಡಿನಲ್ಲಿ ರಕ್ತ ತೆಗೆಯುವುದನ್ನು ನೋಡುತ್ತ ನಿಂತಾಗ ಮೂರು ಸಲ ಬಿದ್ದಿದ್ದಾಳೆ. ಮೊದಲು ಎದೆ ಡವಡವ, ಬಳಿಕ ತಣ್ಣನೆ ಬೆವರು, ಹೊಟ್ಟೆ ತೊಳಸು, ಕಣ್ಣು ಮಂಜು. ಮಲಗಿಸಿದರೆ ಅರ್ಧ ನಿಮಿಷದಲ್ಲಿ ಎಚ್ಚರ. ತಾಯಿಗೂ ಇದೇ ತೊಂದರೆಯಿತ್ತು. ಈ ಭಯ ಮನೆತನದಲ್ಲಿ ಬರುವುದು ಸಾಮಾನ್ಯ.

ಇಸಿಜಿ, ಮಲಗಿ ಮತ್ತು ನಿಂತು ನೋಡಿದ ಬಿಪಿ, ಹಿಮೋಗ್ಲೋಬಿನ್, ಸಕ್ಕರೆ ಎಲ್ಲವೂ ಸರಿಯಿದ್ದವು. ಓಡುವಾಗಲೋ ಮಲಗಿದ್ದಾಗಲೋ ಎಚ್ಚರ ತಪ್ಪಿದ್ದರೆ, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೇ ಹಠಾತ್ತನೆ ತೀರಿಕೊಂಡಿದ್ದರೆ ಮೊದಲು ಹೃದ್ರೋಗ ತಜ್ಞರನ್ನು ಕಾಣಬೇಕು.

ರಕ್ತ ಕಂಡಾಗ ಬಿಪಿ ಇಳಿದು ಬೀಳುತ್ತಿದ್ದೀಯ ಎಂದಾಗ ಅವಳು ಕೇಳಿದಳು: "ಹೆದರಿದರೆ ಬಿಪಿ ಏರಬೇಕಲ್ಲ ಮೇಡಂ, ನಂಗ್ಯಾಕೆ ಇಳಿಯುತ್ತೆ?" ಅವಳ ಪ್ರಶ್ನೆ ಸರಿಯಾದದ್ದೇ. ಹಾವು, ಲಿಫ್ಟ್, ವೇದಿಕೆಯ ಭಯದಲ್ಲಿ ಸ್ವಾಯತ್ತ ನರಮಂಡಲದ (ಇಚ್ಛೆಗೆ ಕಾಯದೆ ತಾನಾಗಿ ಕೆಲಸ ಮಾಡುವ ನರಗಳ) ಸಿಂಪಥೆಟಿಕ್ ವಿಭಾಗದ್ದೇ, ಅಂದರೆ ನಾಡಿ, ಬಿಪಿ ಏರಿಸುವ ಭಾಗದ್ದೇ ಮೇಲುಗೈ. ಅಲ್ಲಿ ಪ್ರಜ್ಞೆ ತಪ್ಪುವುದು ಅಪರೂಪ. ರಕ್ತ, ಸೂಜಿಯ ಭಯಕ್ಕೆ ಎರಡು ಹಂತ. ನಾಡಿ, ಬಿಪಿ ಮೊದಲು ಏರುತ್ತವೆ. ಆಮೇಲೆ ಮಿದುಳಿನಿಂದ ಹೃದಯಕ್ಕೆ ಬರುವ ವೇಗಸ್ ನರ ಬಡಿತ ತಗ್ಗಿಸುತ್ತದೆ, ರಕ್ತನಾಳಗಳನ್ನು ಬಿಗಿಯಾಗಿಟ್ಟಿದ್ದ ಸಿಂಪಥೆಟಿಕ್ ಹಿಡಿತವೂ ಸಡಿಲವಾಗುತ್ತದೆ. ನಿಂತವರ ರಕ್ತ ಕಾಲಲ್ಲೇ ಉಳಿದು ಮಿದುಳಿಗೆ ಸಾಲದಾಗುತ್ತದೆ. ಧೈರ್ಯಕ್ಕೂ ಇದಕ್ಕೂ ಸಂಬಂಧವಿಲ್ಲ.

"ಮೈ ಸಡಿಲ ಬಿಡು" ಎಂದು ಸೀನಿಯರ್‌ಗಳು ಹೇಳಿಕೊಟ್ಟಿದ್ದರು. ಬೇರೆ ಭಯಗಳಿಗೆ ಒಳ್ಳೆಯ ಸಲಹೆ. ಇಲ್ಲಿ ಮಾತ್ರ ಇಳಿಯುತ್ತಿರುವ ಬಿಪಿಯನ್ನು ಇನ್ನಷ್ಟು ಕೆಳಕ್ಕೆ ತಳ್ಳಿದಂತೆ.

ಸ್ವೀಡನ್ನಿನ ಮನಃಶಾಸ್ತ್ರಜ್ಞ ಲಾರ್ಸ್-ಯೋರನ್ ಓಸ್ಟ್ 1980ರ ದಶಕದಲ್ಲಿ ರೂಪಿಸಿದ ಬಿಗಿಹಿಡಿತದ ಅಭ್ಯಾಸವನ್ನು ಹೇಳಿಕೊಡಲಾಯಿತು. ಕುಳಿತು ತೋಳು, ಹೊಟ್ಟೆ, ತೊಡೆಗಳನ್ನು 10ರಿಂದ 15 ಸೆಕೆಂಡು, ಮುಖ ಬೆಚ್ಚಗಾಗುವವರೆಗೆ ಬಿಗಿಹಿಡಿಯಬೇಕು. ಬಿಡುವಾಗ ಪೂರ್ತಿ ಸಡಿಲಿಸದೆ ಮಾಮೂಲಿ ಸ್ಥಿತಿಗೆ ಬಂದರೆ ಸಾಕು. 20ರಿಂದ 30 ಸೆಕೆಂಡು ಬಿಟ್ಟು ಮತ್ತೆ, ಹೀಗೆ ಐದು ಸಲ. ದಿನಕ್ಕೆ ಐದು ಬಾರಿಯಂತೆ ಒಂದು ವಾರ. ಮೊದಲೆರಡು ದಿನ ಅವಳು ಉಸಿರು ಕಟ್ಟಿ ತಿಣುಕುತ್ತಿದ್ದಳು. ಹಾಗೆ ಮಾಡಿದರೆ ಹೃದಯಕ್ಕೆ ಮರಳುವ ರಕ್ತವೇ ಕಡಿಮೆಯಾಗಿ ತಲೆ ಸುತ್ತುತ್ತದೆ. ಹಲ್ಲು ಕಚ್ಚಿದ್ದರಿಂದ ತಲೆನೋವೂ ಬಂತು. ತಿದ್ದಿದ ಮೇಲೆ ರಕ್ತದ ಚಿತ್ರ, ವಿಡಿಯೋ, ಆಮೇಲೆ ಕುಳಿತು ನೋಡುವುದು, ಕೊನೆಗೆ ನಿಂತು ನೋಡುವುದು ಎಂದು ಮೆಟ್ಟಿಲು ಹಾಕಿಕೊಡಲಾಯಿತು.

ವಾರ್ಡಿಗೆ ಖಾಲಿ ಹೊಟ್ಟೆಯಲ್ಲಿ ಹೋಗಬಾರದು, ಮಂಡಿ ಸೆಟೆದು ನಿಲ್ಲಬಾರದು. ತನ್ನದೇ ರಕ್ತ ಕೊಡುವಾಗ ಮಲಗಿಯೇ ಕೊಡಬೇಕು. ಸೂಜಿ ಚುಚ್ಚಿಸಿಕೊಳ್ಳುವ ಕೈ ಸಡಿಲ, ಕಾಲು ಬಿಗಿ. ಕಣ್ಣು ಕತ್ತಲಿಡಲು ಶುರುವಾದರೆ ಹಠ ಬೇಡ, ಕಾಲು ಎತ್ತರಿಸಿ ಮಲಗುವುದೇ ಸರಿ.

ಐದನೇ ವಾರ ಅವಳು ನಿಂತೇ ನೋಡಿದಳು. ಒಮ್ಮೆ ಕಣ್ಣು ಮಂಜಾಯಿತು, ಬಿಗಿಹಿಡಿದಳು, ಬೀಳಲಿಲ್ಲ. ಆದರೂ ಪಕ್ಕದಲ್ಲೊಂದು ಸ್ಟೂಲ್ ಇಡಿಸಿಕೊಳ್ಳಲು ಹೇಳಲಾಗಿದೆ.